ಹತ್ತು ಗಂಟೆಗೆ ತೆರೆಯುವ ಕೋಣೆ

ತಾಯಿ ಮಕ್ಕಳ ಆರೋಗ್ಯದ ಬಗ್ಗೆ ಊರೂರಲ್ಲಿ ತಿಳಿಹೇಳುವುದು, ಆಮೇಲೆ ಚಿಕ್ಕಬಳ್ಳಾಪುರದ ಆಫೀಸಿನಲ್ಲಿ ಕೂತು ಅದಕ್ಕೆ ನಿಯಮ ಬರೆಯುವುದು, ನನ್ನ ಸರ್ವಿಸೆಲ್ಲ ಹೀಗೇ ಕಳೆಯಿತು. ಬಾಯಿ ಜೋರು ಎಂಬ ಹೆಸರೂ ಜೊತೆಗೇ ಬಂತು. ಆ ಬಾಯಿಯನ್ನು ಮುಚ್ಚಿಸಿದವಳು ಶಿಡ್ಲಘಟ್ಟದ ಒಬ್ಬ ಹಸಿ ಬಾಣಂತಿ.

ರೇಷ್ಮೆ ನೂಲು ಬಿಚ್ಚುವ ಶೆಡ್ಡಿನ ಮುಂದೆ ಹೆಂಗಸರನ್ನು ಕೂರಿಸಿಕೊಂಡು, ಮಗುವಿಗೆ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಕೂಡದು, ನೀರೂ ಬೇಡ ಎಂದು ಹೇಳುತ್ತಿದ್ದೆ. ಅವಳು ಎದ್ದು ನಿಂತಳು. ಬಿಸಿನೀರಲ್ಲಿ ಗೂಡಿನ ಎಳೆ ಹಿಡಿದು ಹಿಡಿದು ಬೆರಳೆಲ್ಲ ಬಿಳುಚಿಕೊಂಡಿದ್ದವು.

"ಕೊಡ್ತೀನಿ ಮೇಡಂ. ಮಗೂನ ಎಲ್ಲಿ ಮಲಗಿಸ್ಲಿ? ಈ ಹೊಗೇಲಾ? ಬೆಳಿಗ್ಗೆ ಐದಕ್ಕೆ ಒಲೆ ಹಚ್ತಾರೆ, ನಾನು ಬಂದ್ಬಿಡ್ತೀನಿ. ಮನೇಲಿ ಅತ್ತೆ ಬಿಸ್ಕತ್ತು ಕಲಸಿ ತಿನ್ನಿಸ್ತಾರೆ. ಇಲ್ಲಿ ನನ್ ಹಾಲೆಲ್ಲಾ ಬಟ್ಟೆಗೆ ಹೋಗ್ತದೆ."

ಶೆಡ್ಡುಗಳ ಪಕ್ಕದಲ್ಲೇ ಒಂದು ಕೋಣೆ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಆಯಾ, ಇಷ್ಟು ಮಾಡಿಸಿಕೊಡುತ್ತೇನೆ ಎಂದೆ. ಆಗ ಅವಳ ಮಗುವಿಗೆ ಇನ್ನೂ ಕತ್ತು ನಿಂತಿರಲಿಲ್ಲ.

ಫೈಲು ಹೊರಟಿತು. ಜಾಗ ಯಾರದು, ಆಯಾ ಯಾವ ಇಲಾಖೆಯವಳು, ಬೀಗದ ಕೈ ಯಾರ ಹತ್ತಿರ ಇರಬೇಕು, ಒಂದೊಂದಕ್ಕೂ ಒಂದೊಂದು ಸಭೆ. ಮಗು ಬೋರಲು ಬಿತ್ತು, ಅಂಬೆಗಾಲಿಟ್ಟಿತು, ಹಲ್ಲು ಬಂದವು. ಫೈಲು ಕೂತಲ್ಲೇ ಕೂತಿತ್ತು. ಕೊನೆಗೂ ಮಂಜೂರಾದಾಗ, ಬೆಳಿಗ್ಗೆ ಐದಕ್ಕೆ ತೆರೆಯಬೇಕು ಎಂದು ನಾನು ಬರೆದದ್ದನ್ನು ಮೇಲಿನವರು ಹತ್ತು ಎಂದು ತಿದ್ದಿದ್ದರು.

"ಐದಕ್ಕೆ ಯಾವ ಸ್ಟಾಫ್ ಬರ್ತಾರಮ್ಮ?" ಎಂದರು. ಜಗಳವಾಡಿದೆ, ಸೋತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯನ್ನು ಸರ್ಕಾರಿ ಆಫೀಸು ನೋಡಿಯೇ ಕಟ್ಟಿರಬೇಕು.

ಹೋದ ವಾರ ಟೇಪು ಕತ್ತರಿಸಿದೆವು. ಅವಳೂ ಬಂದಿದ್ದಳು. ಮಗಳು ಅಮ್ಮನ ಕೈ ಬಿಡಿಸಿಕೊಂಡು ಓಡಿಬಂದು, ಹೊಸ ತೊಟ್ಟಿಲಿಗೆ ಕಾಲು ಹಾಕಲು ನೋಡಿ, ಆಗದೆ, ನನ್ನ ಕೈಯಲ್ಲಿದ್ದ ಲಾಡು ಕಸಿದುಕೊಂಡಳು. ಎಲ್ಲರೂ ನಕ್ಕರು. ನನಗೆ ಅಳು ಬಂತು. ಆ ತೊಟ್ಟಿಲಲ್ಲಿ ಮಲಗಬೇಕಾಗಿದ್ದ ಕೂಸು ಅದೇ ಅಲ್ಲವೇ?

ತಾಯಿ ಬಾಗಿಲ ಮೇಲಿನ ಬೋರ್ಡು ನೋಡುತ್ತಾ ನಿಂತಿದ್ದಳು. ಅವಳಿಗೆ ಕನ್ನಡ ಓದಲು ಬಾರದು, ಅಂಕಿ ಗೊತ್ತು.

"ಹತ್ತಕ್ಕಾ ಮೇಡಂ?"

"ಹೌದಮ್ಮ."

ಅವಳು ದುಪಟ್ಟಾ ಸರಿಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ನಾನು ಗಮನಿಸಿದ್ದೇ ಆಗ. ಐದಾರು ತಿಂಗಳಿರಬೇಕು.

"ಇದು ಹುಟ್ಟೋ ಹೊತ್ಗಾದ್ರೂ ಐದಕ್ಕೆ ಮಾಡಿಸ್ತೀರಾ?"

ಮೊದಲನೆಯದಕ್ಕೆ ಹೂಂ ಅಂದವಳು ನಾನೇ. ತಿಂಗಳ ಕೊನೆಗೆ ನನ್ನ ನಿವೃತ್ತಿ. ಅದನ್ನು ಅವಳಿಗೆ ಹೇಳಲಿಲ್ಲ.