ಮಂತ್ರವಾದಿ ಬಿಡಿಸದ ಒಂದು ದೆವ್ವ

ಕಂಪ್ಯೂಟರಿನ ಒಡಲಲ್ಲಿ ಕೂತು ನೆಟ್‌ವರ್ಕ್ ನಡೆಸುವ ಡ್ರೈವರ್ ಎಂಬ ತಂತ್ರಾಂಶಗಳ ದೋಷ ಬಿಡಿಸುವ ನಮ್ಮ ಸಹೋದ್ಯೋಗಿಯೊಬ್ಬರನ್ನು ಆಫೀಸಿನಲ್ಲಿ ಎಲ್ಲರೂ ಮಂತ್ರವಾದಿ ಎನ್ನುತ್ತೇವೆ. ಯಂತ್ರ ಹಟ ಹಿಡಿದರೆ ಮೊದಲು ಕೇಬಲ್ ಕೀಳುತ್ತಾರೆ, ಆಮೇಲೆ ಮಗುವನ್ನು ರಮಿಸುವಂತೆ, "ಎಲ್ಲಿ ನೋಯ್ತಿದೆ, ಹೇಳಪ್ಪಾ" ಎನ್ನುತ್ತಾರೆ. ಇವರ ಕಣ್ಣಿಗೆ ಮಣ್ಣೆರಚುವ ದೋಷ ಇನ್ನೂ ಹುಟ್ಟಿಲ್ಲ. ಆದರೆ ಮೂಲೆಯ ಹಳೆಯ ಯಂತ್ರದ ಒಂದು ದೋಷವನ್ನು ಮಾತ್ರ ಮುಟ್ಟುವುದಿಲ್ಲ. ಆ ಯಂತ್ರ, ಇವರಿಗೆ ಕೆಲಸ ಕಲಿಸಿ ತೀರಿಕೊಂಡ, ಇವರು ಅಕ್ಕ ಎನ್ನುತ್ತಿದ್ದ ಹಿರಿಯ ಸಹೋದ್ಯೋಗಿಯದು. ಆಕೆಯ ಕುರ್ಚಿ ಈಗ ನನಗೆ ಬಂದಿದೆ. ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟಿದ್ದರೂ ದಿನಾ ಮಧ್ಯಾಹ್ನ ಆ ಯಂತ್ರದಿಂದ ಇವರ ಪರದೆಗೆ ಅಕ್ಕನ ಮಾತು ಬರುತ್ತದೆ: "ಊಟಕ್ಕೆ ಏಳೋ." "ಹಳೇ ಮಾತು ಮೆಮೊರೀಲಿ ಉಳ್ಕೊಂಡಿದೆ, ಅಷ್ಟೇ," ಎಂದು ಇವರು ನಗುತ್ತಾ ಡಬ್ಬಿ ಹಿಡಿದು ಏಳುತ್ತಾರೆ. ನಾನೂ ನಗುತ್ತಿದ್ದೆ. ನಿನ್ನೆ ಅದರ ಕೆಳಗೆ ಹೊಸದೊಂದು ಸಾಲಿತ್ತು: "ನನ್ನ ಕುರ್ಚೀಲಿ ಕೂತಿರೋಳನ್ನೂ ಕರ್ಕೊಂಡು ಬಾ."