ಮಾನ್ವಿಯಲ್ಲಿ ನಾನು, ನೀನು, ಅವನು

ಮಾನ್ವಿಯ ಶಾಲೆಗೆ ಕಾಲಿಟ್ಟ ಮೊದಲ ದಿನವೇ ನನ್ನ ಬಾಯಿ ಕಟ್ಟಿಹೋಯಿತು. ರಾಯಚೂರಿನಲ್ಲಿ ರೈಲು ಇಳಿದು, ಇದ್ದಿಲಿನಿಂದ ಓಡುವ ಬಸ್ಸು ಹತ್ತಿ, ಇಂಗ್ಲಿಷ್ ಕಲಿಸಲೆಂದು ಧಾರವಾಡದಿಂದ ಬಂದವನು ನಾನು. ಇಲ್ಲಿ ಅದನ್ನು ಉರ್ದುವಿನಲ್ಲಿ ವಿವರಿಸಬೇಕಂತೆ! ಮಕ್ಕಳು ಮನೆಯಲ್ಲಿ ಆಡುವುದು ಕನ್ನಡ. ಈ ನಿಜಾಮ ಸೀಮೆಯ ಪುಸ್ತಕದಲ್ಲಿ ಸರ್ವನಾಮಕ್ಕೆ ‘ಜಮೀರ್’ ಎಂದಿತ್ತಂತೆ. ಆ ಲಿಪಿಯನ್ನು ಓದಲು ನನಗೇ ಬಾರದು.

ಊಟ, ವಸತಿ ಗುಡಿಯ ಪೂಜೆಯ ಭೀಮಾಚಾರ್ಯರ ಮನೆಯಲ್ಲಿ. ಧಾರವಾಡದಲ್ಲಿ ಪರಿಚಯದ ಯಾರ ಮನೆಗೆ ಹೋದರೂ ಒಳಗೇ ಎಲೆ ಹಾಕುತ್ತಿದ್ದರು. ಇಲ್ಲಿ ನಾನು ಅವರ ಮತದವನಲ್ಲವೆಂದು ಪಡಸಾಲೆಯಲ್ಲಿ ಒಬ್ಬನೇ ಉಣ್ಣಬೇಕಿತ್ತು. ಒಳಗೆ ಮನೆಮಂದಿ ಮಾತಾಡುತ್ತ, ನಗುತ್ತ ಉಣ್ಣುವುದು ಕೇಳುತ್ತಿತ್ತು. ಆ ಪಂಕ್ತಿಯಲ್ಲೊಂದು ಜಾಗಕ್ಕೆ ಆರು ತಿಂಗಳು ಎಷ್ಟು ಹಂಬಲಿಸಿದೆನೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಉರ್ದು ಬಾರದ್ದರಿಂದ ಪಾಠವನ್ನು ಆಡಿಸಿ ತೋರಿಸತೊಡಗಿದೆ. ಹೆಸರಿನ ಬದಲು ನಿಲ್ಲುವ ಮಾತು ಸರ್ವನಾಮ. ಹೆಸರು ಒಬ್ಬರಿಗೇ ಅಂಟಿಕೊಂಡಿರುತ್ತದೆ; ‘ಐ’ ಹಾಗಲ್ಲ, ಯಾರು ಮಾತಾಡುತ್ತಾರೋ ಅವರದು. ಕೊಡುವಾಗಿನ ‘ಐ’, ತೆಗೆದುಕೊಳ್ಳುವಾಗ ‘ಮೀ’ ಆಗುತ್ತದೆ. ದೂರದವನು ‘ಹೀ’, ಅವನಿಗೆ ಕೊಟ್ಟರೆ ‘ಹಿಮ್’. ಎದುರಿಗಿರುವವನು ‘ಯೂ’. ಅಪ್ಪನಿಗೂ ಆಳಿಗೂ ಅದೊಂದೇ, ನೀನು ನೀವು ಎಂಬ ಭೇದವಿಲ್ಲ. ಇದನ್ನು ನಾನು ಬಹಳ ಹೆಮ್ಮೆಯಿಂದ ಹೇಳುತ್ತಿದ್ದೆ.

ಬೇಸಿಗೆಯ ಒಂದು ಬೆಳಿಗ್ಗೆ ನನ್ನ ನೀರಿನ ತಂಬಿಗೆಯನ್ನೇ ಸಾಲಿಗೆ ಕೊಟ್ಟೆ. ‘ಐ ಗಿವ್ ಯೂ ವಾಟರ್’ ಎನ್ನುತ್ತ ಹುಡುಗರು ಕೈಯಿಂದ ಕೈಗೆ ದಾಟಿಸಿದರು. ಊರಾಚೆಯ ಕೇರಿಯ ಹಣಮಂತನನ್ನು ಬಾಗಿಲ ಬಳಿ ಬೇರೆ ಕೂರಿಸುವುದು ರೂಢಿ. ಆಟದ ಭರದಲ್ಲಿ ಕೊನೆಯ ಹುಡುಗ ಅವನ ಕೈಗೂ ತಂಬಿಗೆ ಕೊಟ್ಟ. ಹಣಮಂತ ನೇರವಾಗಿ ನನ್ನೆದುರು ಬಂದು ನಿಂತ. ಒಂದೂ ತಪ್ಪಿಲ್ಲದೆ ವಾಕ್ಯ ಹೇಳಿದ.

“ಕುಡೀರಿ ಮಾಸ್ತರ್ರ,” ಎಂದ, ನಗುತ್ತ.

ಮುಂದಿನ ಸಾಲಿನಲ್ಲಿದ್ದ ಆಚಾರ್ಯರ ಮೊಮ್ಮಗ ನನ್ನನ್ನೇ ನೋಡುತ್ತಿದ್ದ. ನನಗೆ ಬಾಯಾರಿತ್ತು.

“ಅಲ್ಲೇ ಕೆಳಗಿಡು,” ಎಂದೆ.

ಅಂದು ಸಂಜೆ ಆಚಾರ್ಯರು ಪಡಸಾಲೆಗೆ ಬಂದರು. “ಮೊಮ್ಮಗ ಎಲ್ಲಾ ಹೇಳಿದ. ಆ ನೀರು ಮುಟ್ಟಲಿಲ್ಲಂತ, ಚಲೋ ಮಾಡಿದ್ರಿ. ಒಳಗ ಬರ್ರಿ ಮಾಸ್ತರ್ರ, ಇನ್ನ ನೀವು ನಮ್ಮವರ ಅದೀರಿ.”

ಹೋದೆ. ಬಿಸಿ ಅನ್ನದ ಮೇಲೆ ಅವರ ಹೆಂಡತಿ ತುಪ್ಪ ಹಾಕಿದರು. “ಇನ್ನೊಂದೀಟು ಬಡಸ್ಲೇನ್ರಿ?” ಎಂದರು. ಬಡಿಸಿಕೊಂಡೆ.

ಮರುದಿನ ಪಾಠದಲ್ಲಿ ಹಣಮಂತನ ಸರದಿ ಬಂತು. “ನನ್ನ ಪಾಳಿ ಬಿಟ್ಟುಬಿಡ್ರಿ ಮಾಸ್ತರ್ರ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬಿಟ್ಟೆ. ಅಂದಿನಿಂದ ಆಚಾರ್ಯರ ಊಟದ ಮನೆಯ ಹೊಸಿಲು ದಾಟುವಾಗಲೆಲ್ಲ ತಲೆ ತಗ್ಗುತ್ತದೆ, ಆದರೂ ದಾಟುತ್ತೇನೆ.

‘ಇಲ್ಲಿಯವರು ನನ್ನನ್ನು ತಮ್ಮವನೆಂದು ಒಳಗೆ ಕರೆದರು’ ಎಂದು ಊರಿಗೆ ಕಾಗದ ಬರೆದೆ. ಓದಿ ಅವ್ವ ಸಂತೋಷದಿಂದ ದೇವರ ಮುಂದೆ ದೀಪ ಹಚ್ಚಿದಳಂತೆ. ಒಳಗೆ ಹೇಗೆ ಹೋದೆನೆಂದು ಅವಳಿಗೆ ಇನ್ನೂ ಬರೆದಿಲ್ಲ.