ಅತ್ತೆ ಬಾರಿಸದ ತಾಟು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಾಟು ತಿಕ್ಕುತ್ತ ಕುಳಿತಿದ್ದೇನೆ. ಆ ಹುಳಿ ವಾಸನೆಗೆ, ತೀರಿಹೋದ ನಮ್ಮ ಅತ್ತೆ ಪಕ್ಕದಲ್ಲೇ ಕೂತು, "ಅಂಚು ಬಿಟ್ಟಿ ನೋಡು" ಎಂದಂತಾಯಿತು. ಪಕ್ಕದ ಮನೆಯ ಸುಮಕ್ಕನ ಮಗಳು ಹೆತ್ತಿದ್ದಾಳೆ, ನಾಳೆ ಕೂಸು ಮನೆಗೆ ಬರುತ್ತದೆ. "ನಿಮ್ಮ ತಾಟಿನ ಸದ್ದು ಛಲೋ ಅದರಿ, ಬಾರಿಸಲಿಕ್ಕೆ ಕೊಡ್ರಿ" ಎಂದು ಸುಮಕ್ಕ ಕೇಳಿ ಹೋದರು. ಈ ತಾಟನ್ನು ನಮ್ಮ ಮನೆಯ ಕೂಸಿಗೆ ಬಾರಿಸಲೇ ಇಲ್ಲವೆಂದು ಅವರಿಗೇನು ಗೊತ್ತು!

ಹುಟ್ಟಿದ ಕೂಸಿನ ಮೊದಲ ಅಳು ಕೇಳಿದೊಡನೆ ಮನೆಯ ಹಿರಿಯ ಹೆಂಗಸು ತಾಟು ಬಾರಿಸಬೇಕು, ಆಗ ಅದು ಮುಂದೆ ಸದ್ದಿಗೆ ಬೆಚ್ಚುವುದಿಲ್ಲ ಎಂಬುದು ನಮ್ಮ ಅತ್ತೆಯ ಮನೆತನದ, ಈ ಓಣಿಯ ಹಳೆಯ ನಂಬಿಕೆ. ಈಗಿನವರು ಕೂಸು ಮನೆಗೆ ಬಂದ ಮೇಲೆ ಬಾರಿಸುತ್ತಾರೆ. ಅತ್ತೆ ಮಾತ್ರ ನನ್ನ ಹೆರಿಗೆಯ ದಿನ ತಾಟನ್ನು ಸೆರಗಿನಡಿ ಮುಚ್ಚಿಕೊಂಡು ದವಾಖಾನೆಗೇ ಬಂದಿದ್ದರು. "ಅಜ್ಜೀ, ಇಲ್ಲೇ ಊಟಕ್ಕ ಕೂಡೋರೇನ್ರಿ?" ಎಂದು ನರ್ಸು ನಕ್ಕಿದ್ದಳಂತೆ.

ಹೆರಿಗೆ ಕಷ್ಟವಾಯಿತು. ಡಾಕ್ಟರು ಬರುವುದೂ ತಡವಾಯಿತು. ನನ್ನ ಮಧು ಹುಟ್ಟಿದಳು, ಅಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬೆಕ್ಕಿನ ಮರಿಯಂಥ ಒಂದು ದನಿ ಬಂತು. ಅಷ್ಟರಲ್ಲಿ ಅವಳನ್ನೆತ್ತಿಕೊಂಡು ಬೇರೆ ಕೋಣೆಗೆ ಓಡಿದರು. ಬಾಗಿಲ ಹೊರಗೆ ಅತ್ತೆ ತಾಟು ಹಿಡಿದು ನಿಂತೇ ಇದ್ದರು.

ಮಧುವಿನ ಕತ್ತು ನಿಲ್ಲಲಿಲ್ಲ. ಕೈಕಾಲು ಬಿಗಿಯಾದವು. ಕುಕ್ಕರ್ ಸೀಟಿ ಹೊಡೆದರೆ ಸಾಕು, ಮೈಯೆಲ್ಲ ಜಿಗಿದು ಬೆಚ್ಚುತ್ತಿದ್ದಳು. ಸೆರೆಬ್ರಲ್ ಪಾಲ್ಸಿ ಎಂದರು ವೈದ್ಯರು. ಅತ್ತೆ ಕುಕ್ಕರನ್ನು ಅಟ್ಟಕ್ಕೇರಿಸಿ, ಪಾತ್ರೆಯಲ್ಲಿ ಬೇಳೆ ಬೇಯಿಸತೊಡಗಿದರು. ನನ್ನ ಕೆಲಸ ಹರಕೆ ಹೊರುವುದು. ಒಬ್ಬೊಬ್ಬ ದೇವರಿಗೆ ಒಂದೊಂದು ಕಾಯಿಪಲ್ಯೆ ಬಿಟ್ಟು ಬಿಟ್ಟು, "ಇನ್ನ ಉಪ್ಪಿನಕಾಯಿ ಒಂದ ಉಳೀತು ನೋಡು ನಿನಗ" ಎಂದು ನಮ್ಮ ಮನೆಯವರಿಂದ ಅನ್ನಿಸಿಕೊಂಡೆ.

ಅವರಿಗೆ ದವಾಖಾನೆಯ ಮೇಲೆ ಕೇಸು ಹಾಕುವ ಹಟ. ವಕೀಲರನ್ನು ಮನೆಗೇ ಕರೆತಂದರು.

"ತಡಾ ಆತು ಅಂದ್ರಷ್ಟ ಸಾಲೂದಿಲ್ರಿ," ಎಂದರು ವಕೀಲರು. "ಅವರು ಮಾಡಬೇಕಾದ್ದು ಮಾಡಲಿಲ್ಲ, ಅದರಿಂದನ ಹಿಂಗಾತು ಅಂತ ಬ್ಯಾರೆ ತಜ್ಞ ಡಾಕ್ಟರ್ ಹೇಳಬೇಕು. ಕೇಸಿಗೆ ಮುದತ್ತೂ ಇರ್ತದ, ಭಾಳ ದಿನಾ ಕಳೀಬ್ಯಾಡ್ರಿ." ಆಮೇಲೆ ಅತ್ತೆಯ ಕಡೆ ತಿರುಗಿ, "ಅಮ್ಮಾ, ಬಾಗಿಲಾಗ ನೀವ ಇದ್ರಿ. ಅಳು ತಡಾ ಆಗಿ ಕೇಳ್ತು ಅಂತ ಹೇಳ್ತೀರಿಲ್ಲೋ?" ಎಂದರು.

"ಹಾಲು ಉಕ್ಕತದ" ಎಂದು ಅತ್ತೆ ಒಳಗೆ ಹೋದರು. ಒಲೆಯ ಮೇಲೆ ಹಾಲಿರಲಿಲ್ಲ.

"ಮೊಮ್ಮಗಳ ಸಲುವಾಗಿ ಒಂದ ಮಾತಾಡಲಿಕ್ಕೆ ಬಾಯಿಲ್ಲೇನವಾ ನಿನಗ?" ಎಂದು ಮಗ ಕೂಗಾಡಿದರು. ಅಂದಿನಿಂದ ತಾಯಿ ಮಗನ ಮಾತು ನಿಂತಿತು. ಅತ್ತೆಯ ಊಟವೂ ಎರಡು ತುತ್ತಿಗಿಳಿಯಿತು.

ಹುಬ್ಬಳ್ಳಿಯ ತಜ್ಞರ ಬಳಿಗೆ ಎಲ್ಲರೂ ಹೋದೆವು. ಅವರು ಕಾಗದಪತ್ರ ನೋಡಿ, ಮಧುವನ್ನು ನಿಧಾನವಾಗಿ ಪರೀಕ್ಷಿಸಿದರು. "ತಡಾ ಆಗೇದ, ಖರೇ. ಆದ್ರ ಮೆದುಳಿಗೆ ಪೆಟ್ಟು ಆವಾಗ ಬಿತ್ತೋ, ಹೊಟ್ಟ್ಯಾಗಿದ್ದಾಗನ ಬಿದ್ದಿತ್ತೋ, ನಾ ಖಾತ್ರಿಲೆ ಹೇಳಲಾರೆ. ಇಂಥಾ ಎಲ್ಲಾ ಮಕ್ಕಳದೂ ಹೆರಿಗ್ಯಾಗಿನ ತಪ್ಪಿನಿಂದನ ಆಗಿರೂದಿಲ್ರಿ."

ಮೂಲೆಯಲ್ಲಿದ್ದ ಅತ್ತೆ ಎದ್ದು ನಿಂತರು. "ತಪ್ಪು ನಂದರೀ ಡಾಕ್ಟರ. ಕೂಸು ಅತ್ತ ಕೂಡಲೆ ತಾಟು ಬಾರಿಸಬೇಕಿತ್ತು. ಅಂಜಿಬಿಟ್ಟೆ, ಕೈ ಏಳಲಿಲ್ಲ. ಅದಕ್ಕ ಹಿಂಗ ಬೆಚ್ಚತದ. ಕೋರ್ಟಿನ್ಯಾಗ ನಿಂತು ಇನ್ನೊಬ್ಬರ ಮ್ಯಾಲ ಹೆಂಗ ಹಾಕಲಿ?"

ಡಾಕ್ಟರು ನಗಲಿಲ್ಲ. ಅವರು ದೊಡ್ಡವರಾದದ್ದು ನನ್ನ ಕಣ್ಣಲ್ಲಿ ಆಗ. "ಅಮ್ಮಾ, ಈ ಬೆಚ್ಚೂದು ಮೆದುಳಿನ ಪೆಟ್ಟಿಂದ. ಕೂಸು ಅಳೂಕಿಂತ ಮೊದಲ ಆಗಿಹೋಗಿತ್ತದು. ಊರು ಎದ್ದು ಕೂಡೂಹಂಗ ಬಾರಿಸಿದ್ರೂ ಇಕಿ ಹಿಂಗ ಬೆಚ್ಚತಿದ್ಲು."

"ಖರೇ?"

"ಖರೇನ ಅಮ್ಮಾ."

ಮೆಟ್ಟಿಲಿಳಿಯುವಾಗ ಮಗ ತಾಯಿಯ ಮೊಣಕೈ ಹಿಡಿದುಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ, "ಹಸಿವಿ ಆಗೇದೋ" ಎಂದರು. ಹೊರಗಿನ ನೀರನ್ನೂ ಮುಟ್ಟದ ಆ ಮಡಿ ಹೆಂಗಸು ಅಂದು ಕಾಗದದ ಪೊಟ್ಟಣದಲ್ಲಿ ಗಿರ್ಮಿಟ್ ತಿಂದರು. ದೇವರೇ ಉಣ್ಣಿಸಿದನೆಂದು ನಾನು ಕೈಮುಗಿದೆ.

ಕೇಸು ಹಾಕಲಿಲ್ಲ. ಕ್ಷಮಿಸಿದೆವೆಂದಲ್ಲ, ಸಾಕ್ಷಿ ಸಾಲಲಿಲ್ಲ. ಇಂಥದೇ ಕೂಸಿದ್ದ ಬೆಂಗೇರಿಯ ಒಬ್ಬ ತಾಯಿಗೆ ಸಾಕ್ಷಿಯಿತ್ತು, ಹಾಕಿದಳು, ಸರಿಯಾಗಿಯೇ ಮಾಡಿದಳು. ಆ ದಿನ ಡಾಕ್ಟರು ಯಾಕೆ ತಡವಾದರು ಎಂಬ ಪ್ರಶ್ನೆ ಪೂಜೆಗೆ ಕೂತಾಗ ನನಗೆ ಇಂದಿಗೂ ಬರುತ್ತದೆ. ದೇವರ ಮುಂದೆ ಇಟ್ಟು ಏಳುತ್ತೇನೆ.

ತಾಟು ಈಗ ಫಳಫಳ ಹೊಳೆಯುತ್ತಿದೆ. ಗಾಲಿ ಕುರ್ಚಿಯಿಂದ ಮಧು ನೋಡುತ್ತಿದ್ದಾಳೆ. ಈಗ ದೊಡ್ಡ ಹುಡುಗಿ. ಮಾತು ತಡೆದು ತಡೆದು ಬರುತ್ತದೆ. "ಅಮ್ಮಾ, ನಾಳೆ... ಯಾರು... ಬಾರಸ್ತಾರ?"

"ಸುಮಕ್ಕ."

"ನಾ."

ಹಸಿ ಬಾಣಂತಿಯ ಮನೆ. ಇಂಥ ಹೊತ್ತಿಗೆ ನನ್ನ ಮಗಳನ್ನು ಕರೆಯದವರೂ ಇದ್ದಾರೆ. ಆದರೂ ಗೋಡೆಯ ಮೇಲಿಂದ ಕೂಗಿದೆ: "ಸುಮಕ್ಕಾ, ತಾಟಿನ ಜೋಡಿ ಬಾರಿಸಾಕಿನೂ ಬರ್ತಾಳಂತರೀ!"

"ಕರಕೊಂಡ ಬರ್ರೀ, ಅದನ್ನೇನ ಕೇಳ್ತೀರಿ!"

ತಾಟನ್ನು ಮಧುವಿನ ತೊಡೆಯ ಮೇಲಿಟ್ಟು, ಅವಳ ಮಾತು ಕೇಳುವ ಎಡಗೈಗೆ ಸೌಟು ಕೊಟ್ಟೆ. ಠಣ್ಣೆಂದಿತು. ಅವಳೂ ಬೆಚ್ಚಿದಳು, ನಾನೂ ಬೆಚ್ಚಿದೆ. ಬಾಯಿ ತುಂಬ ನಕ್ಕು, ಮತ್ತೆ ಹೊಡೆದಳು.